1947ರಲ್ಲಿ ಪೆನ್ನಿಯೇ ಇಲ್ಲ

ಕಳೆದ ಅಕ್ಟೋಬರಿನ ಒಂದು ಶನಿವಾರ ಪಕ್ಕದ ಮನೆಯ ಅಜ್ಜಿ ದೊಡ್ಡ ಗಾಜಿನ ಬಾಟಲಿಯೊಂದನ್ನು ಎದೆಗೆ ಅವುಚಿಕೊಂಡು ನಮ್ಮ ಮನೆಗೆ ಬಂದರು. ಈರುಳ್ಳಿ ಉಪ್ಪಿನಕಾಯಿಯ ಬಾಟಲಿ. ಒಳಗೆ ಈರುಳ್ಳಿ ಬದಲು ಹಳೇ ನಾಣ್ಯಗಳು, ಕುತ್ತಿಗೆಯವರೆಗೂ. ತೀರಿಹೋದ ಗಂಡ ಯಾವ ಕಾಲದಲ್ಲೋ ಅಟ್ಟದಲ್ಲಿ ಇಟ್ಟಿದ್ದರಂತೆ. ‘ಚಾರಿಟಿ ಶಾಪಿಗೆ ಕೊಡೋ ಮುಂಚೆ ನೀನೊಂದ್ಸಲ ನೋಡಿಬಿಡು. ನಿನಗೆ ಈ ಹುಚ್ಚು ಇದೆಯಲ್ಲ’ ಅಂದರು. ಆಮೇಲೆ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಮೂರೂಮುಕ್ಕಾಲು ಕೆಜಿ. ಎಂಬತ್ತು ದಾಟಿದ ಹೆಂಗಸು ಅದನ್ನು ಒಬ್ಬರೇ ಎತ್ತಿಕೊಂಡು ಬಂದಿದ್ದರು.

ಈ ಹುಚ್ಚಿನ ವಿಷಯ ನಮ್ಮ ಬೀದಿಗೆಲ್ಲ ಗೊತ್ತು. ಬರ್ಮಿಂಗ್‌ಹ್ಯಾಮಿಗೆ ಬಂದ ಮೊದಲ ಬೇಸಿಗೆಯಲ್ಲಿ ಶುರುವಾದದ್ದು. ಇಲ್ಲಿ ಭಾನುವಾರ ಬೆಳಿಗ್ಗೆ ಕಾರ್ ಬೂಟ್ ಸೇಲ್ ಅಂತ ನಡೆಯುತ್ತದೆ. ಯಾವುದಾದರೂ ಮೈದಾನದಲ್ಲಿ ಜನ ಸಾಲಾಗಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಮನೆಯಲ್ಲಿ ಬೇಡವಾದದ್ದನ್ನೆಲ್ಲ ಹರಡಿಕೊಂಡು ಕೂತಿರುತ್ತಾರೆ. ನಮ್ಮೂರ ಸಂತೆಯ ಹಾಗೇ, ತರಕಾರಿ ಒಂದಿಲ್ಲ ಅಷ್ಟೇ. ನಾನು ಹೋಗಿದ್ದು ಪ್ರೆಷರ್ ಕುಕ್ಕರ್ ಹುಡುಕಿಕೊಂಡು. ಕುಕ್ಕರ್ ಸಿಗಲಿಲ್ಲ. ಬಿಸ್ಕತ್ ಡಬ್ಬಿಯೊಂದರಲ್ಲಿ ‘ಯಾವುದಾದರೂ 20 ಪೆನ್ಸ್’ ಅಂತ ಚೀಟಿ ಅಂಟಿಸಿದ ನಾಣ್ಯಗಳ ರಾಶಿ ಸಿಕ್ಕಿತು. ಕೈ ಹಾಕಿ ಒಂದನ್ನು ತೆಗೆದೆ. ನಮ್ಮ ಐದು ರೂಪಾಯಿ ಬಿಲ್ಲೆಗಿಂತ ಎಷ್ಟೋ ದೊಡ್ಡದು, ಕಪ್ಪಗೆ, ನುಣ್ಣಗೆ. ಇಸವಿ 1862. ತಲೆಗೂದಲನ್ನು ಹಿಂದಕ್ಕೆ ಗಂಟು ಕಟ್ಟಿದ ಹರೆಯದ ವಿಕ್ಟೋರಿಯಾ ರಾಣಿ. ಕಲೆಕ್ಟರುಗಳು ಇದನ್ನು ಬನ್ ಪೆನ್ನಿ ಅಂತಾರೆ, ತುರುಬಿನ ಪೆನ್ನಿ ಅಂದುಕೊಳ್ಳಿ. ನಮ್ಮಲ್ಲಿ ಸಿಪಾಯಿ ದಂಗೆ ಮುಗಿದು ನಾಲ್ಕೈದು ವರ್ಷಕ್ಕೆ ಅಚ್ಚಾದ ಕಾಸು ಇಪ್ಪತ್ತು ಪೆನ್ಸಿಗೆ! ಒಂದು ಸಮೋಸಾ ಕೂಡ ಬರಲ್ಲ ಆ ದುಡ್ಡಿಗೆ.

ಮನೆಗೆ ತಂದು ನಾನು ಮಾಡಿದ ಮೊದಲ ಕೆಲಸ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಪ್ಪಾಗಿದೆಯಲ್ಲ ಅಂತ ಹುಣಸೆಹಣ್ಣು, ಕಲ್ಲುಪ್ಪು ಹಚ್ಚಿ ಚೆನ್ನಾಗಿ ತಿಕ್ಕಿದೆ. ಅಮ್ಮ ದೇವರ ದೀಪ ತಿಕ್ಕುತ್ತಿದ್ದ ಹಾಗೇ. ಎರಡೇ ನಿಮಿಷದಲ್ಲಿ ರಾಣಿ ಹೊಸ ತಾಮ್ರದ ಚೊಂಬಿನ ಥರ ಫಳಫಳ ಹೊಳೆದಳು. ಏನು ಖುಷಿ ಅಂತೀರಿ. ಮುಂದಿನ ತಿಂಗಳು ಕಾಯಿನ್ ಫೇರಿಗೆ ಹೋಗಿ ವಯಸ್ಸಾದ ವ್ಯಾಪಾರಿಯೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಒಮ್ಮೆ ಹೊರಳಿಸಿ, ‘ಯಾರು ತೊಳೆದದ್ದು?’ ಅಂತ ಕೇಳಿದರು. ಹಾಲಿನ ಪಾತ್ರೆಗೆ ಉಪ್ಪು ಹಾಕಿದವರು ಯಾರು ಅಂತ ಕೇಳೋ ದನಿಯಲ್ಲಿ. ನೂರೈವತ್ತು ವರ್ಷ ಗಾಳಿ, ಬೆವರು, ಜೇಬಿನ ಬಟ್ಟೆ ಸೇರಿ ಕಂಚಿನ ಮೇಲೆ ಕಟ್ಟಿದ ಕಂದು ಪದರ ಅದು. ಅದೇ ಅದರ ಚರ್ಮ. ನಾನು ಸುಲಿದುಬಿಟ್ಟಿದ್ದೆ. ತಿಕ್ಕಿದ ನಾಣ್ಯಕ್ಕೆ ಇವರ ಲೋಕದಲ್ಲಿ ದುಗ್ಗಾಣಿ ಬೆಲೆಯಿಲ್ಲ.

ತಮಾಷೆ ಏನು ಗೊತ್ತಾ? ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಿಂದ 46ರವರೆಗೆ, ಟಂಕಸಾಲೆಯವರೇ ಹೊಸ ಪೆನ್ನಿಗಳಿಗೆ ಮದ್ದು ಹಾಕಿ ಬೇಕಂತಲೇ ಕಪ್ಪು ಮಾಡುತ್ತಿದ್ದರು. ಹೊಳೆಯುವ ಕಾಸನ್ನು ಜನ ಖರ್ಚು ಮಾಡದೆ ಎತ್ತಿಟ್ಟುಕೊಳ್ಳುತ್ತಾರೆ ಅಂತ. ಸರ್ಕಾರ ಖರ್ಚು ಮಾಡಿ ಕಪ್ಪು ಮಾಡಿದ್ದನ್ನು ನಮ್ಮಂಥವರು ಹುಣಸೆಹಣ್ಣು ಹಿಡಿದುಕೊಂಡು ಬೆಳ್ಳಗೆ ಮಾಡೋದು.

ಬ್ರಿಟನ್ನಿನ ನಾಣ್ಯವನ್ನು ನಾನು ಮೊದಲು ನೋಡಿದ್ದು ಮಾತ್ರ ಇಲ್ಲಿ ಅಲ್ಲ, ಉಡುಪಿ ಕಡೆಯ ನಮ್ಮ ಮನೆಯಲ್ಲಿ, ಅಜ್ಜಿಯ ಕುತ್ತಿಗೆಯಲ್ಲಿ. ಪವನಿನ ಸರ. ನಡುವಿನ ಬಿಲ್ಲೆಯಲ್ಲಿ ಕುದುರೆ ಮೇಲೆ ಕೂತ ಒಬ್ಬ, ಕಾಲಡಿಯಲ್ಲಿ ಹಾವಿನಂಥದ್ದೇನೋ. ಅದು ಸೇಂಟ್ ಜಾರ್ಜ್, ಹಾವಲ್ಲ ಡ್ರ್ಯಾಗನ್, 1817ರಲ್ಲಿ ಪಿಸ್ಟ್ರುಚಿ ಅನ್ನೋ ಇಟಲಿಯವನು ಕೆತ್ತಿದ ಚಿತ್ರ ಅಂತ ತಿಳಿದದ್ದು ಅಜ್ಜಿ ಹೋಗಿ ಎಷ್ಟೋ ವರ್ಷಕ್ಕೆ. ನಮ್ಮ ಕಡೆ ಚಿನ್ನವನ್ನು ಈಗಲೂ ಪವನಿನಲ್ಲೇ ಲೆಕ್ಕ ಹಾಕೋದು, ಒಂದು ಪವನು ಅಂದರೆ ಎಂಟು ಗ್ರಾಂ. ಸಾವರಿನ್, ಅಂದರೆ ಬ್ರಿಟನ್ನಿನ ಒಂದು ಪೌಂಡಿನ ಚಿನ್ನದ ನಾಣ್ಯ, ಅದರ ತೂಕ 7.98 ಗ್ರಾಂ. ಪೌಂಡು ಪವನಾಗಿ ನಮ್ಮ ಮದುವೆ ಮಾತುಕತೆಗೆ ಬಂದು ಕೂತಿದೆ. ಆ ಸರ ಈಗ ಯಾವ ಚಿಕ್ಕಮ್ಮನ ಲಾಕರಿನಲ್ಲಿದೆ ಅನ್ನೋದು ಬೇರೆ ಕಥೆ, ಇಲ್ಲಿ ಬೇಡ.

ಬಾಟಲಿಗೆ ಬರೋಣ. ಮೇಜಿನ ಮೇಲೆ ಪೇಪರ್ ಹಾಸಿ ಸುರಿದೆ. ಹೆಂಡತಿ ‘ಇನ್ನೆಷ್ಟು ಗುಜರಿ ತುಂಬಿಸ್ತೀರಿ ಮನೆಗೆ’ ಅಂತ ಗೊಣಗುತ್ತಲೇ ಎಲ್ಲರಿಗೂ ಕಾಫಿ ಮಾಡಿದಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಮೂವರೂ ಆರಿಸಲು ಕೂತೆವು. ದೊಡ್ಡವು ಪೆನ್ನಿ. ಹಡಗಿನ ಚಿತ್ರದವು ಅರ್ಧ ಪೆನ್ನಿ. ಪುಟ್ಟ ಗುಬ್ಬಿಯಂಥ ರೆನ್ ಹಕ್ಕಿಯವು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಹನ್ನೆರಡು ಮೂಲೆಯ ಹಳದಿಯವು ಮೂರು ಪೆನ್ಸಿನವು. ಬೆಳ್ಳಗಿನ ಸಣ್ಣವು ಆರು ಪೆನ್ಸಿನ ಸಿಕ್ಸ್‌ಪೆನ್ಸ್. ಆಮೇಲೆ ಶಿಲ್ಲಿಂಗ್, ಎರಡು ಶಿಲ್ಲಿಂಗಿನ ಫ್ಲಾರಿನ್, ಎರಡೂವರೆ ಶಿಲ್ಲಿಂಗಿನ ಹಾಫ್ ಕ್ರೌನ್.

ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್. ಅಲ್ಲಿಗೆ ಪೌಂಡಿಗೆ 240 ಪೆನ್ನಿ. ಈ ಲೆಕ್ಕ ಕೇಳಿ ಇಂದಿನ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ನನ್ನ ಅಪ್ಪನಿಗೆ ಹೇಳಿದ್ದರೆ ನಗುತ್ತಿದ್ದರು. ಹದಿನಾರು ಆಣೆಗೆ ರೂಪಾಯಿ, ಹನ್ನೆರಡು ಪೈಗೆ ಆಣೆ, ರೂಪಾಯಿಗೆ 192 ಪೈ ಅಂತ ಮಗ್ಗಿ ಬಾಯಿಪಾಠ ಮಾಡಿ ಬೆಳೆದವರು ಅವರು. ನಮ್ಮಲ್ಲಿ ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಬ್ರಿಟನ್ನಿನವರು ನೂರರ ಲೆಕ್ಕಕ್ಕೆ ಬಂದದ್ದು 1971ರ ಫೆಬ್ರವರಿ 15ಕ್ಕೆ, ನಮಗಿಂತ ಹದಿನಾಲ್ಕು ವರ್ಷ ತಡವಾಗಿ. ಪಕ್ಕದ ಮನೆಯ ಅಜ್ಜಿ ಆಗ ಬಟ್ಟೆ ಅಂಗಡಿಯೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ‘ಆ ಸೋಮವಾರ ಬಂದ ಪ್ರತಿಯೊಬ್ಬರೂ ನಾನೇ ಮೋಸ ಮಾಡ್ತಿದ್ದೀನಿ ಅನ್ನೋ ಥರ ನೋಡ್ತಿದ್ದರು. ದಾರದ ಉಂಡೆ ಕೊಳ್ಳೋಕೆ ಬಂದವಳು ಚಿಲ್ಲರೆ ಮೂರು ಸಲ ಎಣಿಸಿದಳು’ ಅಂದರು.

ಹಳೆಯ ಪೆನ್ನಿಗೆ ಇನ್ನೊಂದು ಗುಣ ಇದೆ. ಮೂರು ಪೆನ್ನಿ ಸೇರಿದರೆ ಒಂದು ಔನ್ಸ್ ತೂಕ. ಅರ್ಧ ಪೆನ್ನಿಯ ಅಡ್ಡಳತೆ ಸರಿಯಾಗಿ ಒಂದು ಇಂಚು. ಜೇಬಿನಲ್ಲೇ ತಕ್ಕಡಿಯ ಬೊಟ್ಟು, ಅಳತೆ ಪಟ್ಟಿ ಎರಡೂ ಇದ್ದ ಹಾಗೆ. ಅಂದು ಸಾಸಿವೆ ಅಳೆಯುವ ನಮ್ಮ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದೆವು. 1948ರ ಮೂರು ಪೆನ್ನಿ 28 ಗ್ರಾಂ ತೂಗಿದವು. ವಿಕ್ಟೋರಿಯಾ ಕಾಲದ ಸವೆದ ಮೂರು 26 ಗ್ರಾಂ. ಆ ಎರಡು ಗ್ರಾಂ ಎಲ್ಲಿಗೆ ಹೋಯಿತು? 1860ರಲ್ಲಿ ಶುರುವಾದ ಈ ಕಂಚಿನ ಪೆನ್ನಿ 1971ರವರೆಗೂ ಚಲಾವಣೆಯಲ್ಲಿತ್ತು. ಅಜ್ಜಿ ಗಲ್ಲಾದಲ್ಲಿ ಕೂತಾಗ ಜಾರ್ಜ್, ಎಡ್ವರ್ಡ್ ಜೊತೆಗೆ ತುರುಬಿನ ವಿಕ್ಟೋರಿಯಾನೂ ಚಿಲ್ಲರೆಯಾಗಿ ಬರುತ್ತಿದ್ದಳಂತೆ. ನೂರು ವರ್ಷ ಕೈಯಿಂದ ಕೈಗೆ ಓಡಾಡಿ, ಮುಖದ ಮೂಗು ಕಣ್ಣು ಅಳಿಸಿ, ಬರೀ ನೆರಳು ಉಳಿದ ರಾಣಿಯರು ಬಾಟಲಿಯಲ್ಲಿ ಒಂಬತ್ತು ಮಂದಿ ಇದ್ದರು. ಸಂತೆಯಲ್ಲಿ ಇವನ್ನು ಯಾರೂ ಕೇಳೋದಿಲ್ಲ. ನನಗೆ ಹೊಸದಾಗಿ ಉಳಿದವುಗಳಿಗಿಂತ ಇವೇ ಇಷ್ಟ. ಹೆಬ್ಬೆರಳಲ್ಲಿ ಸವರಿದರೆ ಬೆಣ್ಣೆ.

ಎಲ್ಲರೂ ಕೇಳೋ ಪ್ರಶ್ನೆ ಒಂದೇ: ಎಷ್ಟು ಬೆಲೆ ಬಾಳುತ್ತೆ? ಬಾಟಲಿಯಲ್ಲಿ ಕಟ್ಟಿದ ನಾಣ್ಯ ಮುಕ್ಕಾಲು ಪಾಲು ಗುಜರಿ ಬೆಲೆಯದ್ದೇ. 1933ರ ಪೆನ್ನಿ ಸಿಕ್ಕರೆ ಮನೆ ಕೊಳ್ಳಬಹುದು ಅಂತ ಇಲ್ಲಿ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಅವನ್ನು ಅಚ್ಚು ಹಾಕಿದ್ದೇ ಬೆರಳೆಣಿಕೆಯಷ್ಟು, ಕೆಲವನ್ನು ಕಟ್ಟಡಗಳ ಅಡಿಗಲ್ಲಿನ ಕೆಳಗೆ ಇಟ್ಟಿದ್ದರು. ಲೀಡ್ಸಿನ ಒಂದು ಚರ್ಚಿನ ಅಡಿಗಲ್ಲು ಕಿತ್ತು ಕಳ್ಳರು ಒಂದನ್ನು 1970ರಲ್ಲಿ ಹೊತ್ತುಕೊಂಡೂ ಹೋದರು. ಅಜ್ಜಿಯ ಗಂಡ ಈ ಬಾಟಲಿ ತುಂಬಿಸಿದ್ದೂ ಅದೇ ಆಸೆಯಿಂದ ಇರಬೇಕು. ಯಾಕೆಂದರೆ 1932, 1934 ಜಾಸ್ತಿ ಇದ್ದವು. ಇಸವಿ ಸರಿಯಾಗಿ ಕಾಣದೆ ಎತ್ತಿಟ್ಟಿರಬಹುದು.

ನಾನು ಹುಡುಕುತ್ತಿದ್ದದ್ದು ಬೇರೆ ಇಸವಿ. 1947.

ಭಾರತೀಯನಿಗೆ ಈ ಆಸೆ ಹುಟ್ಟದೇ ಇರುತ್ತದೆಯೇ? ಆ ವರ್ಷ ಇವರ ಜೇಬಿನಲ್ಲಿ ಏನಿತ್ತು ನೋಡೋಣ ಅಂತ. ವರ್ಷಗಟ್ಟಲೆ ಡಬ್ಬಿ ಡಬ್ಬಿ ತಡಕಿದೆ. 46 ಸಿಗುತ್ತದೆ, 48 ಬೇಕಾದಷ್ಟು ಸಿಗುತ್ತದೆ, 47ರ ಪೆನ್ನಿ ಮಾತ್ರ ಇಲ್ಲ. ನನ್ನ ಹಣೆಬರಹ ಅಂದುಕೊಂಡಿದ್ದೆ. ಕೊನೆಗೆ ಕ್ಯಾಟಲಾಗ್ ತೆಗೆದು ನೋಡಿದರೆ ಆ ಇಸವಿಯ ಪೆನ್ನಿಯೇ ಇಲ್ಲ. 1941, 42, 43, ಆಮೇಲೆ 47. ಈ ಇಸವಿ ಹೊತ್ತ ಪೆನ್ನಿ ಒಂದೂ ಹೊರಬರಲಿಲ್ಲ. ಹುಟ್ಟದ ಕೂಸನ್ನು ನಾನು ಐದು ವರ್ಷ ಹುಡುಕಿದ್ದೆ. ಕ್ಯಾಟಲಾಗನ್ನು ಮೊದಲೇ ಓದಬಾರದಿತ್ತೇ ಅಂತ ಹೆಂಡತಿ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಪೆನ್ನಿ ಇಲ್ಲದಿದ್ದರೂ 1947ರ ಅರ್ಧ ಪೆನ್ನಿ ಇದೆ, ಶಿಲ್ಲಿಂಗ್ ಇದೆ. ಅಜ್ಜಿಯ ಬಾಟಲಿಯಲ್ಲಿ ಎರಡೂ ಸಿಕ್ಕವು. ಶಿಲ್ಲಿಂಗನ್ನು ಭೂತಗನ್ನಡಿಯಲ್ಲಿ ಹಿಡಿದು ನೋಡಿ. ಆರನೇ ಜಾರ್ಜನ ಬೋಳು ಕುತ್ತಿಗೆ, ಎಡಕ್ಕೆ ತಿರುಗಿದ ಮುಖ. ಸುತ್ತ ಲ್ಯಾಟಿನ್ ಅಕ್ಷರಗಳ ತುಂಡುಗಳು. ದೇವರ ದಯೆಯಿಂದ ಬ್ರಿಟನ್ನುಗಳೆಲ್ಲದರ ರಾಜ. ತಿರುಗಿಸಿದರೆ ಹಿಂಬದಿಯಲ್ಲಿ ಧರ್ಮರಕ್ಷಕ, ಕೊನೆಗೆ ‘ಇಂಡ್ ಇಂಪ್’. ಇಂಡಿಯೇ ಇಂಪೆರೇಟರ್. ಭಾರತದ ಚಕ್ರವರ್ತಿ.

ಈ ಎರಡು ತುಂಡು ಪದಕ್ಕೆ ಒಂದು ಕಥೆಯೇ ಇದೆ. ವಿಕ್ಟೋರಿಯಾಗೆ ಭಾರತದ ಚಕ್ರವರ್ತಿನಿ ಅನ್ನೋ ಬಿರುದು ಸಿಕ್ಕಿದ್ದು 1876ರಲ್ಲಿ. ನಮ್ಮ ರೂಪಾಯಿಯ ಮೇಲೆ ‘ಎಂಪ್ರೆಸ್’ ಅಂತ ಮರುವರ್ಷದಿಂದಲೇ ಬಂತು. ಆದರೆ ಬ್ರಿಟನ್ನಿನ ಒಳಗೆ ಬಹಳ ಜನಕ್ಕೆ ಆ ಬಿರುದು ಸೇರಿರಲಿಲ್ಲ, ರಾಣಿ ಅಂದರೆ ಸಾಕಲ್ಲ ಅಂತ. ಅವರ ಸ್ವಂತ ಬೆಳ್ಳಿ ನಾಣ್ಯದ ಮೇಲೆ ‘ಇಂಡ್ ಇಂಪ್’ ಬಂದದ್ದು 1893ರಲ್ಲಿ, ಪೆನ್ನಿಯ ಮೇಲೆ 1895ರಲ್ಲಿ. ಅಲ್ಲಿಂದ ನಾಲ್ಕು ತಲೆಮಾರು ಉಳಿಯಿತು. 1947ರ ಆಗಸ್ಟಿನಲ್ಲಿ ನಾವು ಬಾವುಟ ಹಾರಿಸಿ ಸಿಹಿ ಹಂಚಿದ ಮೇಲೂ ಉಳಿಯಿತು. ರಾಜ ಆ ಬಿರುದನ್ನು ಅಧಿಕೃತವಾಗಿ ಬಿಟ್ಟದ್ದು 1948ರ ಜೂನ್ 22ರಂದು. 1948ರ ಪೆನ್ನಿ ತೆಗೆದು ನೋಡಿ, ಇನ್ನೂ ಚಕ್ರವರ್ತಿ. 1949ರದ್ದು ನೋಡಿ, ಆ ಅಕ್ಷರಗಳು ಮಾಯ. ಖಾಲಿ ಬಿದ್ದ ಜಾಗ ತುಂಬಬೇಕಲ್ಲ, ಅದುವರೆಗೆ ಎರಡು ಅಕ್ಷರಕ್ಕೆ ಇಳಿಸಿದ್ದ ಧರ್ಮರಕ್ಷಕನನ್ನು ಸ್ವಲ್ಪ ಎಳೆದು ಬರೆದಿದ್ದಾರೆ. ಸಿಕ್ಸ್‌ಪೆನ್ಸಿನ ಹಿಂಬದಿಯಲ್ಲೂ ಹೀಗೇ. 1948ರವರೆಗೆ ಅಲ್ಲಿ ‘ಜಿ ಆರ್ ಐ’ ಅಂತ ಮೂರಕ್ಷರ ಹೆಣೆದಿರುತ್ತದೆ, ಆ ‘ಐ’ ಅಂದರೆ ಇಂಪೆರೇಟರ್. 49ರಿಂದ ಅದನ್ನು ಕಿತ್ತು ಹೊಸ ಹೆಣಿಗೆ ಹಾಕಿದರು.

1947ರ ಶಿಲ್ಲಿಂಗಿನಲ್ಲಿ ಇನ್ನೊಂದು ಕೊರತೆ ಇದೆ. ಮೇಜಿನ ಮೇಲೆ ಬೀಳಿಸಿ ಕೇಳಿ. 1919ರವರೆಗಿನ ಶಿಲ್ಲಿಂಗಿನಲ್ಲಿ ನೂರಕ್ಕೆ 92.5 ಬೆಳ್ಳಿ, ಬಿದ್ದರೆ ದೇವರ ಕೋಣೆಯ ಗಂಟೆ. 1920ರಿಂದ ಅರ್ಧಕ್ಕರ್ಧ ಬೆಳ್ಳಿ. 1947ರಿಂದ ಬೆಳ್ಳಿಯೇ ಇಲ್ಲ, ತಾಮ್ರ ನಿಕ್ಕಲ್ ಬೆರಕೆ, ಬಿದ್ದರೆ ಟಪ್ ಅಂತ ಸತ್ತ ಸದ್ದು. ಯುದ್ಧದ ಕಾಲದಲ್ಲಿ ಅಮೆರಿಕದಿಂದ ಸಾಲವಾಗಿ ತಂದ ಬೆಳ್ಳಿಯನ್ನು ವಾಪಸು ಕೊಡಬೇಕಿತ್ತು. ಕೈಯಲ್ಲಿ ಬೆಳ್ಳಿ ಇಲ್ಲ, ಭಾರತ ಇಲ್ಲ, ನಾಣ್ಯ ಮಾತ್ರ ಚಕ್ರವರ್ತಿ ಅನ್ನುತ್ತಿದೆ. ಇತಿಹಾಸದ ಪಾಠದಲ್ಲಿ ನನಗೆ ಇದು ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಅಂದಹಾಗೆ ಆ ‘ಧರ್ಮರಕ್ಷಕ’ ಬಿರುದು ಎಂಟನೇ ಹೆನ್ರಿಗೆ 1521ರಲ್ಲಿ ಪೋಪ್ ಕೊಟ್ಟದ್ದು. ಆಮೇಲೆ ಹೆನ್ರಿ ಮುಂದೆ ಬಂದ ಇನ್ನೊಬ್ಬ ಪೋಪ್ ಜೊತೆ ಜಗಳ ಮಾಡಿಕೊಂಡು ಬೇರೆಯಾದ. ಬಿರುದು ಮಾತ್ರ ವಾಪಸು ಕೊಡಲಿಲ್ಲ. ಈಗಿನ ಚಾರ್ಲ್ಸ್ ರಾಜನ ನಾಣ್ಯದಲ್ಲೂ ಇದೆ, ಇವತ್ತು ಚಿಲ್ಲರೆಯಲ್ಲಿ ಬಂದರೆ ನೋಡಿ.

ಅಜ್ಜಿಗೆ ಭೂತಗನ್ನಡಿ ಕೊಟ್ಟು ‘ಇಂಡ್ ಇಂಪ್’ ತೋರಿಸಿದೆ. ಬಹಳ ಹೊತ್ತು ನೋಡಿದರು. ‘ಗಲ್ಲಾದಲ್ಲಿ ಇಂಥವು ಸಾವಿರಾರು ಎಣಿಸಿದ್ದೀನಿ. ಒಂದನ್ನೂ ಓದಿರಲಿಲ್ಲ ನೋಡು’ ಅಂದರು. ಆಮೇಲೆ ನನ್ನ ಮುಖ ನೋಡಿ, ‘ನಿನಗೆ ಬೇಜಾರಾಗಲ್ವಾ ಇದನ್ನೆಲ್ಲ ಜೋಡಿಸಿಟ್ಟುಕೊಳ್ಳೋಕೆ?’ ಅಂತ ಕೇಳಿದರು. ಇಲ್ಲ ಅಂದೆ. ನಿಜ ಹೇಳಬೇಕೆಂದರೆ 48, 49 ಎರಡನ್ನೂ ಆಲ್ಬಮ್ಮಿನಲ್ಲಿ ಅಕ್ಕಪಕ್ಕ ಇಟ್ಟಿದ್ದೇನೆ, ಮನೆಗೆ ಬಂದವರಿಗೆಲ್ಲ ಅದನ್ನೇ ಮೊದಲು ತೋರಿಸೋದು. ಅದರಲ್ಲಿ ಒಂಚೂರು ಜಂಬ ಇದೆ, ಒಪ್ಪಿಕೊಳ್ಳುತ್ತೇನೆ.

ಬಾಟಲಿಯಲ್ಲಿ ಇಸವಿಯ ಎಡಕ್ಕೆ ಸಾಸಿವೆ ಕಾಳಿನಷ್ಟು ‘ಎಚ್’ ಅಕ್ಷರ ಇರುವ 1912ರ ಪೆನ್ನಿಯೂ ಒಂದು ಸಿಕ್ಕಿತು. ಲಂಡನ್ನಿನ ಟಂಕಸಾಲೆಗೆ ಕೆಲಸ ಜಾಸ್ತಿಯಾದಾಗ ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಗೆ ಅಚ್ಚು ಹಾಕಲು ಕೊಡುತ್ತಿದ್ದರು, ಅದರ ಗುರುತು. ಇಕ್ನೀಲ್ಡ್ ಸ್ಟ್ರೀಟಿನಲ್ಲಿದ್ದ ಆ ಕಂಪನಿ 2003ರಲ್ಲಿ ಮುಚ್ಚಿತು. ಊರಿನ ಹುಡುಗ ಊರಿಗೆ ಬಂದ ಹಾಗಾಯಿತು.

ಆದರೆ ಈ ವರ್ಷದ ನನ್ನ ದೊಡ್ಡ ಬೇಟೆ ಬಾಟಲಿಯದ್ದಲ್ಲ. ಕಾಯಿನ್ ಫೇರಿನಲ್ಲಿ, ನನ್ನ ತಿಕ್ಕಿದ ಪೆನ್ನಿ ನೋಡಿ ಮುಖ ಸಿಂಡರಿಸಿದ ಅದೇ ವ್ಯಾಪಾರಿಯ ಹತ್ತಿರ ಸಿಕ್ಕಿದ್ದು. ಹದಿನೈದು ಪೌಂಡು. ತಾಮ್ರದ ನಾಣ್ಯ, ಅಂಚು ಉಪ್ಪುನೀರಿಗೆ ಸ್ವಲ್ಪ ತಿಂದುಹೋಗಿದೆ. ಒಂದು ಬದಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, 1808. ಇನ್ನೊಂದು ಬದಿ ಪರ್ಶಿಯನ್ ಬರಹ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಹತ್ತು ಕ್ಯಾಶ್’. ಇದು ನಮ್ಮ ಕಾಸು! ದಕ್ಷಿಣದ ಕಾಸು ಪೋರ್ಚುಗೀಸರ ಬಾಯಲ್ಲಿ ಹೊರಳಿ ಇಂಗ್ಲಿಷಿನವರ ನಾಣ್ಯದ ಮೇಲೆ ಕ್ಯಾಶ್ ಆಗಿ ಕೂತಿದೆ. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಚಲಾವಣೆಗೆ ಅಂತ ಮಾಡಿಸಿದ್ದು. 1799ರಲ್ಲಿ ಟಿಪ್ಪು ಸತ್ತ ಮೇಲೆ ನಮ್ಮ ಕರಾವಳಿ ಸೇರಿದ್ದೂ ಅದೇ ಪ್ರೆಸಿಡೆನ್ಸಿಗೆ.

ಅಚ್ಚು ಹಾಕಿದ್ದು ಎಲ್ಲಿ? ಇಲ್ಲೇ. ಮ್ಯಾಥ್ಯೂ ಬೋಲ್ಟನ್ ಅನ್ನುವವನು ಜೇಮ್ಸ್ ವ್ಯಾಟನ ಪಾಲುದಾರ. ಹ್ಯಾಂಡ್ಸ್‌ವರ್ತ್‌ನ ಸೋಹೋದಲ್ಲಿ ಉಗಿಯಂತ್ರದಿಂದ ನಾಣ್ಯ ಅಚ್ಚು ಹಾಕುವ ಕಾರ್ಖಾನೆ ಇಟ್ಟಿದ್ದ. 1797ರಲ್ಲಿ ಬ್ರಿಟನ್ನಿಗೆ ಒಂದು ಔನ್ಸಿನ ದಪ್ಪ ತಾಮ್ರದ ಪೆನ್ನಿ ಮಾಡಿಕೊಟ್ಟವನೂ ಅವನೇ. ಗಾಡಿ ಚಕ್ರದ ಹಾಗಿದೆ ಅಂತ ಜನ ಅದಕ್ಕೆ ಕಾರ್ಟ್‌ವೀಲ್ ಅಂತ ಹೆಸರಿಟ್ಟರು. ಹ್ಯಾಂಡ್ಸ್‌ವರ್ತ್‌ನ ಸೋಹೋ ರೋಡ್ ಅಂದರೆ ಈಗ ಪಂಜಾಬಿ ಅಂಗಡಿಗಳ ಸಾಲು. ನಾವು ಕರಿಬೇವು, ನುಗ್ಗೆಕಾಯಿ, ತೊಗರಿಬೇಳೆ ತರೋದು ಅಲ್ಲಿಂದಲೇ.

ಇನ್ನು ಆ ಉಪ್ಪುನೀರು. ಈ ಕಾಸುಗಳನ್ನು ತುಂಬಿಕೊಂಡು ‘ಅಡ್ಮಿರಲ್ ಗಾರ್ಡ್‌ನರ್’ ಅನ್ನುವ ಕಂಪನಿ ಹಡಗು ಭಾರತಕ್ಕೆ ಹೊರಟಿತು. 1809ರ ಜನವರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಕೆಂಟ್ ತೀರದ ಗುಡ್‌ವಿನ್ ಮರಳದಿಬ್ಬದಲ್ಲಿ ಮುಳುಗಿತು. ಇಂಗ್ಲೆಂಡನ್ನು ದಾಟುವ ಮೊದಲೇ. ಸುಮಾರು 48 ಟನ್ ಕಾಸು ಮರಳಿನಲ್ಲಿ ಹೂತುಹೋಯಿತು. 1980ರ ದಶಕದಲ್ಲಿ ಮುಳುಗುಗಾರರು ಅದನ್ನು ಪತ್ತೆ ಮಾಡಿ ಲಕ್ಷಗಟ್ಟಲೆ ನಾಣ್ಯ ಎತ್ತಿದರು. ಅದಕ್ಕೇ ಇಷ್ಟು ಅಗ್ಗ. ಮದ್ರಾಸಿಗೆ ಹೊರಟ ಕಾಸು ಮದ್ರಾಸು ಸೇರಲಿಲ್ಲ. ಉಡುಪಿಯಿಂದ ಹೊರಟ ನಾನು ಕರಿಬೇವು ತರೋ ದಾರಿಯಲ್ಲಿ ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇನೆ. ಇದನ್ನು ಮಾತ್ರ ತಿಕ್ಕಿಲ್ಲ.

ಆರಿಸಿ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಅಜ್ಜಿ ಕೋಟು ಹಾಕಿಕೊಳ್ಳುತ್ತಾ ‘ನಾನು ಹುಟ್ಟಿದ ವರ್ಷದ ಪೆನ್ನಿ ಇದ್ದರೆ ಒಂದು ಕೊಡು, ಮಿಕ್ಕಿದ್ದು ನೀನೇ ಇಟ್ಟುಕೋ’ ಅಂದರು. ಯಾವ ವರ್ಷ ಅಂತ ಕೇಳಿದೆ. 1941. ನನಗೆ ನಗು ತಡೆಯಲಾಗಲಿಲ್ಲ. ‘ನಿಮಗೂ ಇಲ್ಲ, ನಮ್ಮ ದೇಶಕ್ಕೂ ಇಲ್ಲ’ ಅಂತ ಕ್ಯಾಟಲಾಗ್ ತೆರೆದು ತೋರಿಸಿದೆ. ಆಮೇಲೆ ಬೆಳ್ಳಗಿನ ಸಣ್ಣವುಗಳ ಗುಡ್ಡೆ ಕೆದಕಿದೆ. ಮೂವತ್ತೊಂದು ಸಿಕ್ಸ್‌ಪೆನ್ಸ್ ತಿರುಗಿಸಿದ ಮೇಲೆ 1941 ಒಂದು ಬಂತು. ಅರ್ಧ ಬೆಳ್ಳಿ, ಹಿಂದೆ ‘ಜಿ ಆರ್ ಐ’. ಅಂಗೈಯಲ್ಲಿ ಇಟ್ಟೆ.

ಕ್ರಿಸ್‌ಮಸ್ಸಿಗೆ ನಮ್ಮನ್ನು ಊಟಕ್ಕೆ ಕರೆದರು. ಇಲ್ಲಿನವರು ಕ್ರಿಸ್‌ಮಸ್ ಪುಡ್ಡಿಂಗಿನ ಒಳಗೆ ಬೆಳ್ಳಿ ಸಿಕ್ಸ್‌ಪೆನ್ಸ್ ಹುದುಗಿಸಿಡುತ್ತಾರೆ, ಯಾರ ತಟ್ಟೆಗೆ ಬಂದರೆ ಅವರಿಗೆ ವರ್ಷವೆಲ್ಲ ಅದೃಷ್ಟ. ನಮಗೋಸ್ಕರ ಕೊಬ್ಬು ಬಿಟ್ಟು ವೆಜಿಟೇರಿಯನ್ ಪುಡ್ಡಿಂಗ್ ಮಾಡಿದ್ದರು. ಎರಡನೇ ತುತ್ತಿಗೆ ನನ್ನ ದವಡೆಯಲ್ಲಿ ಕಟಕ್ ಅಂತು. ತೆಗೆದು ನೋಡಿದರೆ 1941. ಎಲ್ಲರೂ ಚಪ್ಪಾಳೆ ತಟ್ಟಿದರು. ಕರವಸ್ತ್ರದಲ್ಲಿ ಒರೆಸಿ ಜೇಬಿಗೆ ಇಳಿಸಬೇಕು, ಅಷ್ಟರಲ್ಲಿ ಅಜ್ಜಿ ಕೈ ಚಾಚಿದರು.

‘ಅದೃಷ್ಟ ನಿನಗೆ. ಕಾಸು ಇಲ್ಲಿ ಕೊಡು.’